ಶಿರಸಿಯಲ್ಲೇ ಮದುವೆಯಾಗಿ ಹೊರಡಲೋ, ಜರ್ಮನಿಗೆ ಹೋಗಿ ಮದುವೆಯಾಗಲೋ?

ಕಾಡುಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಇಷ್ಟು ದಿನ ಬರೀ ಓದುತ್ತಿದ್ದೆ, ಇವತ್ತು ಬರೆಯಲೇಬೇಕಾಗಿದೆ.

ನನಗೆ 29. ಊರು ಶಿರಸಿ ಹತ್ತಿರ, ಕೆಲಸ ಬೆಂಗಳೂರಲ್ಲಿ. ನನ್ನ ಹುಡುಗ ಜರ್ಮನಿಯವನು, ಅಲ್ಲಿನದೇ ಪೌರತ್ವ, ಸ್ಟುಟ್‌ಗಾರ್ಟ್ ಹತ್ತಿರ ಮನೆ. ಎರಡು ವರ್ಷ ಬೆಂಗಳೂರಲ್ಲಿ ಕೆಲಸಕ್ಕಿದ್ದಾಗ ಪರಿಚಯವಾಯಿತು, ಈಗ ನಾಲ್ಕು ವರ್ಷ. ನಾನೇ ಅಲ್ಲಿಗೆ ಹೋಗುವುದು ಎಂದು ನಿರ್ಧಾರ ಮಾಡಿದ್ದೇವೆ. ಎಲ್ಲಿ ಮದುವೆಯಾಗುವುದು ಎನ್ನುವುದು ಮಾತ್ರ ಬಗೆಹರಿದಿಲ್ಲ.

ಮೂರು ದಾರಿ ಕಾಣುತ್ತಿವೆ. ಇಲ್ಲೇ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಿ ಹೆಂಡತಿಯಾಗಿ ವೀಸಾ ಹಾಕುವುದು. ಇಲ್ಲವೇ ಮದುವೆಗೆಂದೇ ಕೊಡುವ ವೀಸಾ ತೆಗೆದುಕೊಂಡು ಅಲ್ಲಿನ ಸ್ಟಾಂಡೆಸಾಮ್ಟ್‌ನಲ್ಲಿ (ನಮ್ಮ ನೋಂದಣಿ ಕಚೇರಿಯ ಹಾಗೆ) ಆಗುವುದು. ಮೂರನೆಯದು ಚಿಕ್ಕಮ್ಮ ಹೇಳಿದ್ದು: "ಟೂರಿಸ್ಟ್ ವೀಸಾದಲ್ಲಿ ಹೋಗಿ ಡೆನ್ಮಾರ್ಕಿನಲ್ಲಿ ಮದುವೆ ಮಾಡ್ಕೊಂಡ್ಬಿಡಿ, ಅಲ್ಲಿ ಬೇಗ ಆಗ್ತದಂತೆ."

ಅಪ್ಪ "ನಿಮಗೆ ಎಲ್ಲಿ ಅನುಕೂಲವೋ ಅಲ್ಲಿ" ಎಂದು ಹೇಳಿ ತೋಟಕ್ಕೆ ಹೋದವರು ಆಮೇಲೆ ಆ ವಿಷಯವೇ ಎತ್ತಿಲ್ಲ. ಅಜ್ಜಿಗೆ 84. ಮಂಡಿನೋವು, ಜಗುಲಿಯಿಂದ ಅಂಗಳಕ್ಕೆ ಇಳಿಯಲೂ ಒಬ್ಬರು ಕೈ ಹಿಡಿಯಬೇಕು. ಅಮ್ಮ ಹೋದಮೇಲೆ ನನ್ನನ್ನು ಬೆಳೆಸಿದ್ದು ಅಜ್ಜಿಯೇ.

ಹೀಗೆ ಹೋದವರು ಯಾರಾದರೂ ಇದ್ದರೆ ಹೇಳಿ. ನೀವು ಏನು ಮಾಡಿದಿರಿ, ಈಗ ಮತ್ತೆ ಮಾಡುವುದಾದರೆ ಏನು ಮಾಡುತ್ತೀರಿ?

ನೆಕರ್ ದಂಡೆ:
ತಂಗಿ, ನಿನ್ನ ಪತ್ರ ಓದಿ ಹತ್ತು ವರ್ಷ ಹಿಂದಿನ ನಾನೇ ನೆನಪಾದೆ. ನಾನು ಹಾಸನದ ಕಡೆಯವಳು. ನಿನ್ನ ಎರಡನೇ ದಾರಿಯಲ್ಲಿ ಹೋದವಳು, ಅದಕ್ಕೆ ವಿವರವಾಗಿ ಬರೆಯುತ್ತೇನೆ.

ನಾವಿಬ್ಬರೂ "ಇವರ ದೇಶದಲ್ಲಿ ಎಲ್ಲ ಶಿಸ್ತು, ಅಲ್ಲೇ ಸಲೀಸು" ಎಂದುಕೊಂಡಿದ್ದೆವು. ಸ್ಟಾಂಡೆಸಾಮ್ಟ್‌ನವರು ಒಂದು ಹಾಳೆ ತುಂಬ ದಾಖಲೆಗಳ ಪಟ್ಟಿ ಕೊಟ್ಟರು. ಅದರಲ್ಲಿ ಮೊದಲನೆಯದೇ ಜನನ ಪ್ರಮಾಣಪತ್ರ. ನನ್ನದರಲ್ಲಿ "ಹೆಣ್ಣು ಮಗು" ಎಂದಿತ್ತು, ಹೆಸರೇ ಇರಲಿಲ್ಲ! ಆಸ್ಪತ್ರೆಯಿಂದ ಬಂದ ಚೀಟಿಯ ಮೇಲೆ ನೋಂದಣಿ ಆಗಿ, ಆಮೇಲೆ ಹೆಸರು ಸೇರಿಸಲು ಯಾರೂ ಹೋಗಿರಲಿಲ್ಲ. ನಮ್ಮ ಕಾಲದ ಎಷ್ಟೋ ಜನರದ್ದು ಹೀಗೇ ಇದೆ. ನಿನ್ನದನ್ನು ಇವತ್ತೇ ತೆಗೆದು ನೋಡು.

ಎರಡನೆಯದು, ವಿದೇಶದಲ್ಲಿ ಮದುವೆಯಾಗಲು ಅಡ್ಡಿಯಿಲ್ಲ ಎಂದು ಜರ್ಮನಿಯಲ್ಲಿ ಒಂದು ಅಧಿಕೃತ ಪತ್ರ ಕೊಡುತ್ತಾರೆ, ಎಹೆಫೆಹಿಗ್‌ಕೈಟ್ಸ್‌ತ್ಸಾಯ್ಗ್ನಿಸ್ ಅಂತ. ಭಾರತದಲ್ಲಿ ಅಂಥ ಪತ್ರ ಕೊಡುವ ಪದ್ಧತಿಯೇ ಇಲ್ಲ. ಹಾಗಾಗಿ ಅಲ್ಲಿನ ಮೇಲ್ಮಟ್ಟದ ನ್ಯಾಯಾಲಯದ ಅಧ್ಯಕ್ಷರಿಂದ ವಿನಾಯಿತಿ ತರಬೇಕು. ಅಪ್ಪ ಅಮ್ಮ "ಮಗಳು ಅವಿವಾಹಿತೆ" ಎಂದು ಅಫಿಡವಿಟ್ ಮಾಡಿಸಿದರು.

ಮೂರನೆಯದೇ ಎಲ್ಲಕ್ಕಿಂತ ಕಷ್ಟದ್ದು. ಭಾರತ 2005ರಲ್ಲೇ ಅಪಾಸ್ಟಿಲ್ ಒಪ್ಪಂದಕ್ಕೆ (ಒಂದು ದೇಶ ತನ್ನ ದಾಖಲೆಗೆ ಹಾಕಿದ ಮುದ್ರೆಯನ್ನು ಇನ್ನೊಂದು ದೇಶ ಒಪ್ಪುವ ಏರ್ಪಾಡು) ಸೇರಿದೆ, ಆದರೆ ನಮ್ಮ ಅಪಾಸ್ಟಿಲ್ ಮುದ್ರೆಯನ್ನು ಜರ್ಮನಿ ಒಪ್ಪುವುದಿಲ್ಲ. ಬದಲಿಗೆ ದಾಖಲೆಗಳ ನಿಜ ಪರಿಶೀಲನೆ ಮಾಡಿಸುತ್ತಾರೆ. ಕಾನ್ಸುಲೇಟ್ ಪರವಾಗಿ ಒಬ್ಬ ವಕೀಲರು ನಮ್ಮ ಊರಿಗೇ ಬಂದರು. ಪಂಚಾಯಿತಿ ಕಚೇರಿಯ ರಿಜಿಸ್ಟರ್ ನೋಡಿದರು, ಪಕ್ಕದ ಮನೆಯವರನ್ನು "ಈ ಹುಡುಗಿಗೆ ಮೊದಲು ಮದುವೆಯಾಗಿತ್ತಾ" ಎಂದು ಕೇಳಿದರು. ನಮ್ಮಮ್ಮ ಎರಡು ದಿನ ಹೊರಗೆ ಮುಖ ತೋರಿಸಲಿಲ್ಲ. ಮೊದಲೇ ಪಕ್ಕದವರಿಗೆ ಹೀಗೊಬ್ಬರು ಬರುತ್ತಾರೆ ಎಂದು ಹೇಳಿಟ್ಟಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಎಲ್ಲ ಸೇರಿ ನನಗೆ 11 ತಿಂಗಳು ಹಿಡಿಯಿತು.

ಮದುವೆ ಮುಗಿದದ್ದು 20 ನಿಮಿಷದಲ್ಲಿ. ಬೆಳಿಗ್ಗೆ 11 ಗಂಟೆ, ಊರಲ್ಲಿ ಮಧ್ಯಾಹ್ನ ಎರಡೂವರೆ. ಕನ್ನಡದ ದುಭಾಷಿ ಸಿಗಲಿಲ್ಲ, ಇಂಗ್ಲಿಷಿನವರನ್ನು ಇಟ್ಟುಕೊಂಡೆವು. ಅಮ್ಮ ಮನೆಯಲ್ಲಿ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಫೋನನ್ನು ದೇವರ ಗೂಡಿನ ಪಕ್ಕ ಒರಗಿಸಿ ಕೂತಿದ್ದರು. ಅಧಿಕಾರಿ ಕೇಳಿದ ಪ್ರಶ್ನೆ ನನಗೆ ಅರ್ಥವಾಗುವಷ್ಟರಲ್ಲಿ ನೆಟ್ ಹೋಯಿತು. ನಾನು "ಯಾ" ಎಂದದ್ದನ್ನು ಅಮ್ಮ ಕೇಳಲೇ ಇಲ್ಲ. ಆಮೇಲೆ ಊರಲ್ಲಿ ಆರತಕ್ಷತೆ ಮಾಡಿದೆವು, 400 ಜನ ಬಂದರು. ಆದರೂ ಅಮ್ಮ ಇವತ್ತಿಗೂ ಆ ಎರಡೂವರೆ ಗಂಟೆಯ ವಿಷಯವನ್ನೇ ಹೇಳುತ್ತಾರೆ.

ಮತ್ತೆ ಮಾಡುವುದಾದರೆ ನಾನು ಊರಲ್ಲೇ ಮದುವೆಯಾಗುತ್ತೇನೆ. ಊರಲ್ಲಿ ಆದರೆ ಪರಿಶೀಲನೆ ತಪ್ಪುತ್ತದೆ ಅಂತ ಹೇಳುತ್ತಿಲ್ಲ. ನಿನ್ನ ಹುಡುಗ ಆ ಅಡ್ಡಿಯಿಲ್ಲದ ಪತ್ರ ತರಲು ಹೋದಾಗ ನಿನ್ನ ದಾಖಲೆಗಳನ್ನೂ ಕೇಳುತ್ತಾರೆ, ಹೆಂಡತಿಯ ವೀಸಾ ಹಾಕಿದಾಗಲೂ ಕೇಳಬಹುದು. ಕಾಯುವುದು ಹೇಗೂ ಇದೆ. ಆದರೆ ಮದುವೆಯಾದ ಮೇಲೆ ಕಾಯುವುದು ಬೇರೆ, ಮದುವೆಗಾಗಿಯೇ ಕಾಯುವುದು ಬೇರೆ.

ಕರಾವಳಿ ಕೂಸು:
ನಮ್ಮದು ಸ್ವಲ್ಪ ಬೇರೆ ಕಥೆ. ನಾವಿಬ್ಬರೂ ಉಡುಪಿ ಕಡೆಯವರು, ನಾನು ಬ್ಲೂ ಕಾರ್ಡಿನಲ್ಲಿ (ಪದವಿ ಇದ್ದು ಕೆಲಸಕ್ಕೆ ಬಂದವರಿಗೆ ಕೊಡುವ ಪರವಾನಗಿ) ಮ್ಯೂನಿಕ್‌ನಲ್ಲಿ ಇರುವುದು. ದೇವಸ್ಥಾನದಲ್ಲಿ ಧಾರೆ ಆಯ್ತು, ಉಪನೋಂದಣಾಧಿಕಾರಿ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿದೆವು. ಬ್ಲೂ ಕಾರ್ಡ್ ಇದ್ದವರ ಹೆಂಡತಿಗೆ ಜರ್ಮನ್ ಎ1 ಪರೀಕ್ಷೆ (ಭಾಷೆಯ ಮೊದಲ ಹಂತದ್ದು) ಬೇಡ. ಆದರೆ ನಿಮ್ಮವರು ಜರ್ಮನ್ ಪ್ರಜೆ, ನಿಮಗೆ ಎ1 ಬೇಕು. ಇದು ಗೊತ್ತಿಲ್ಲದೆ ಒದ್ದಾಡಿದವರು ಉಂಟು.

ಹೆಸರಿನ ವಿಷಯ ಹೇಳಲೇಬೇಕು ಮಾರಾಯ್ರೆ. ನನ್ನ ಹೆಂಡತಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಮದುವೆ ಪ್ರಮಾಣಪತ್ರದಲ್ಲಿ ಅಂಕಪಟ್ಟಿಯ ಹಾಗೆ ಬರೆಸಿದೆವು. ವೀಸಾ ಕಚೇರಿಯಲ್ಲಿ "ಇವರಿಬ್ಬರೂ ಒಬ್ಬರೇ ಎನ್ನುವುದಕ್ಕೆ ಏನು ಆಧಾರ" ಎಂದು ಕೇಳಿದರು! ತಿದ್ದಿಸಲು ಮತ್ತೆ ಊರಿಗೆ ಬಂದೆ, ರಜೆ ಎಲ್ಲ ಅದಕ್ಕೇ ಹೋಯ್ತು. ಎಲ್ಲಿ ಮದುವೆ ಆದರೂ ಸರಿ, ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ, ಒಂದು ಅಕ್ಷರ ಆಚೀಚೆ ಆಗದ ಹಾಗೆ ಬರೆಸಿ. ಸಹಿ ಹಾಕುವ ಮುಂಚೆ ಓದಿ ನೋಡಿ, ಆಯ್ತಾ?

ಹಳೇ ಕಡತ:
ನಾನು ನೋಂದಣಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕಾಡುಮಲ್ಲಿಗೆಯವರಿಗೆ ಕೆಲವು ವಿಷಯ ಸ್ಪಷ್ಟವಾಗಿ ಹೇಳಬೇಕು.

ಹಿಂದೂ ವಿವಾಹ ಕಾಯ್ದೆ ನಿಮಗೆ ಅನ್ವಯಿಸುವುದಿಲ್ಲ, ಅದಕ್ಕೆ ಇಬ್ಬರೂ ಹಿಂದೂಗಳಾಗಿರಬೇಕು. "ಒಂದು ದಿನ ಮತಾಂತರ ಮಾಡಿಸಿ ಕಾಗದ ತೆಗೆದುಕೊಳ್ಳಿ" ಎನ್ನುವವರು ಸಿಗುತ್ತಾರೆ. ಕಾಗದಕ್ಕಾಗಿ ಯಾರ ಧರ್ಮವನ್ನೂ ಬದಲಿಸಬೇಡಿ, ಅದರ ಅಗತ್ಯವೇ ಇಲ್ಲ. 1954ರ ವಿಶೇಷ ವಿವಾಹ ಕಾಯ್ದೆ ಇರುವುದೇ ನಿಮ್ಮಂಥವರಿಗೆ.

ಆ ಕಾಯ್ದೆಯಲ್ಲಿ ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಮುಂಚೆ ಕನಿಷ್ಠ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು. ನೋಟಿಸ್ ಕೊಟ್ಟ ಮೇಲೆ ಮತ್ತೆ 30 ದಿನ ಕಾಯಬೇಕು. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಮೊದಲಿಂದ. ಮದುವೆ ದಿನ ಮೂವರು ಸಾಕ್ಷಿಗಳು ಬೇಕು. ಅಧಿಕಾರಿ ಮುಂದೆ ನಿಮಗೆ ಅರ್ಥವಾಗುವ ಭಾಷೆಯಲ್ಲಿ "ಇವರನ್ನು ನನ್ನ ಕಾನೂನುಬದ್ಧ ಪತಿಯಾಗಿ ಸ್ವೀಕರಿಸುತ್ತೇನೆ" ಎಂದು ಹೇಳಬೇಕು. ಕನ್ನಡದಲ್ಲೇ ಹೇಳಬಹುದು, ನಾನು ನೂರಾರು ಸಲ ಕೇಳಿದ್ದೇನೆ.

ನಿಮ್ಮವರು ತರುವ ಅಡ್ಡಿಯಿಲ್ಲದ ಪತ್ರಕ್ಕೆ ಆರು ತಿಂಗಳಷ್ಟೇ ಆಯುಸ್ಸು. ಅದು ಕೈಗೆ ಬರುವ ಮುಂಚೆ ಛತ್ರ ಗೊತ್ತು ಮಾಡಬೇಡಿ. ಬಂದ ಮೇಲೆ ತಡವೂ ಮಾಡಬೇಡಿ.

ಇನ್ನೊಂದು ವಿಷಯ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಅವಿಭಕ್ತ ಹಿಂದೂ ಕುಟುಂಬದ ಸದಸ್ಯರು ಈ ಕಾಯ್ದೆಯಡಿ ಹಿಂದೂ ಅಲ್ಲದವರನ್ನು ಮದುವೆಯಾದರೆ, ಕಾನೂನಿನ ಲೆಕ್ಕದಲ್ಲಿ ಆ ಕುಟುಂಬದಿಂದ ಬೇರೆಯಾದಂತೆ (19ನೇ ಕಲಂ). ಹೆಣ್ಣುಮಕ್ಕಳಿಗೆ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಸಮಪಾಲು ಬಂದಿದೆ, ಆ ಪಾಲು ಇದರಿಂದ ಹೋಗುವುದಿಲ್ಲ. ಆದರೆ ಮುಂದೆ ನಿಮ್ಮ ಆಸ್ತಿ ಯಾರಿಗೆ ಎನ್ನುವುದು ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತೀರ್ಮಾನವಾಗುತ್ತದೆ. ಅಡಿಕೆ ತೋಟ ಒಟ್ಟಿನಲ್ಲಿದ್ದರೆ ಮದುವೆಗೆ ಮುಂಚೆ ತಂದೆಯವರನ್ನು ಕೂಡಿಸಿಕೊಂಡು ಊರಿನ ವಕೀಲರ ಹತ್ತಿರ ಒಮ್ಮೆ ಮಾತಾಡಿ. ಅಪ್ಪ ಸುಮ್ಮನಿರುವುದಕ್ಕೆ ಇದೂ ಒಂದು ಕಾರಣ ಇರಬಹುದು. ನಾನು ಕಂಡ ಎಷ್ಟೋ ತಂದೆಯರಿಗೆ ಜಾತಿಗಿಂತ ಇದರದ್ದೇ ಹೆದರಿಕೆ ಇತ್ತು, ಬಾಯಿಬಿಟ್ಟು ಕೇಳಲು ಸಂಕೋಚ.

ಧಾರವಾಡದಾಕಿ:
ಡೆನ್ಮಾರ್ಕಿನಾಗ ಮದುವಿ ಆದಾಕಿ ನಾನು, ಅದಕ್ಕ ನಾನೇ ಹೇಳ್ತೀನಿ ಕೇಳ್ರಿ. ಬೇಗ ಆಗ್ತದ ಅನ್ನೋದು ಖರೆ. 2019ರಿಂದ ಅಲ್ಲೆ ಒಂದೇ ಸರ್ಕಾರಿ ಕಚೇರಿ ಎಲ್ಲಾ ಅರ್ಜಿ ನೋಡ್ತದ, ಫಮಿಲಿಯೆರೆಟ್ಸ್‌ಹೂಸೆಟ್ ಅಂತ. ಅವರು ಕೊಡೋ ಪ್ರಮಾಣಪತ್ರಕ್ಕ ನಾಲ್ಕು ತಿಂಗಳ ಅವಧಿ, ಅಷ್ಟರೊಳಗ ಯಾವ ಊರಾಗ ಬೇಕಾದ್ರೂ ಮದುವಿ ಆಗಬಹುದು. ನಾವು ಟೋಂಡರ್‌ಗೆ ಹೋದ್ವಿ, ಜರ್ಮನಿ ಗಡಿ ಹತ್ರಾನ ಐತಿ. ಹತ್ತು ನಿಮಿಷದಾಗ ಮುಗೀತು. ಮಳಿ ಬರ್ತಿತ್ತು, ಹೊರಗ ಬಂದು ಒಂದು ಬೇಕರಿಯೊಳಗ ನಿಂತು ಚಹಾ ಕುಡಿದ್ವಿ, ನಾವಿಬ್ಬರ.

ಆದ್ರ ನಾನು ಆಗಲೇ ಜರ್ಮನಿಯೊಳಗ ಓದಾಕತ್ತಿದ್ದೆ, ನನ್ನ ಕಡೆ ಅಲ್ಲಿ ಇರೋ ಪರವಾನಗಿ ಇತ್ತು. ನಿಮ್ಮದು ಹಂಗಲ್ಲ. ಟೂರಿಸ್ಟ್ ವೀಸಾದಾಗ ಹೋಗಿ ಡೆನ್ಮಾರ್ಕಿನಾಗ ಆದ ಮದುವಿ ಮದುವಿನ, ಜರ್ಮನಿ ಅದನ್ನ ಒಪ್ತದ. ಅಲ್ಲೆ ಉಳಿಯೋ ಹಕ್ಕು ಮಾತ್ರ ಅದರಿಂದ ಬರೂದಿಲ್ಲ. ಸರಿಯಾದ ವೀಸಾ ತಗೊಂಡು ಬರ್ರಿ ಅಂತ ವಾಪಸ್ ಬೆಂಗಳೂರಿಗೆ ಕಳಸ್ತಾರ. ಮತ್ತ ವೀಸಾ ಅರ್ಜಿಯೊಳಗ ತಿರುಗಾಡಾಕ ಬರ್ತೀನಿ ಅಂತ ಬರದು ಮದುವಿ ಮಾಡ್ಕೊಂಡ್ರ, ಸುಳ್ಳು ಹೇಳಿದ್ರಿ ಅನ್ನೋ ಮಾತು ನಿಮ್ಮ ಫೈಲಿನಾಗ ಕುಂದರ್ತದ. ಚಿಕ್ಕಮ್ಮಗ ನನ್ನ ನಮಸ್ಕಾರ ಹೇಳ್ರಿ, ಆದ್ರ ಆ ದಾರಿ ಬ್ಯಾಡ.

ಕಾಡುಮಲ್ಲಿಗೆ:
ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಡೆನ್ಮಾರ್ಕ್ ಬಿಟ್ಟೆ. ಜನನ ಪ್ರಮಾಣಪತ್ರ ತೆಗೆದು ನೋಡಿದೆ, ಹೆಸರಿದೆ, ಆದರೆ ಅಮ್ಮನ ಹೆಸರು ನನ್ನ ಪಾಸ್‌ಪೋರ್ಟಿನಲ್ಲಿ ಇರುವಂತಿಲ್ಲ, ಮನೆಯಲ್ಲಿ ಕರೆಯುವ ಹೆಸರು ಬರೆಸಿಬಿಟ್ಟಿದ್ದಾರೆ. ತಿದ್ದಿಸಬೇಕು.

ಹಳೇ ಕಡತ ಸರ್, ಒಂದು ಪ್ರಶ್ನೆ. ಆ 30 ದಿನ ನೋಟಿಸನ್ನು ಕಚೇರಿಯ ಬೋರ್ಡಿಗೆ ಹಚ್ಚುತ್ತಾರಲ್ಲ, ಊರವರು ಯಾರಾದರೂ ತಕರಾರು ತೆಗೆದರೆ? ಶಿರಸಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಅದಕ್ಕೇ ಬೆಂಗಳೂರಲ್ಲೇ ನೋಟಿಸ್ ಕೊಡೋಣ ಅಂದುಕೊಂಡಿದ್ದೆ.

ಮತ್ತೆ ನೆಕರ್ ಅಕ್ಕ, ಕೇಳಲು ಮುಜುಗರ, ಆದರೂ ಕೇಳುತ್ತೇನೆ. ಅಲ್ಲಿ ಹೋದಮೇಲೆ ಏನಾದರೂ ಸರಿಹೋಗದಿದ್ದರೆ ನನ್ನ ಗತಿ ಏನು?

ಹಳೇ ಕಡತ:
ತಕರಾರು ಯಾರು ಬೇಕಾದರೂ ಕೊಡಬಹುದು, ಆದರೆ ಸುಮ್ಮನೆ ಕೊಟ್ಟರೆ ನಿಲ್ಲುವುದಿಲ್ಲ. ಇಬ್ಬರಲ್ಲಿ ಯಾರಿಗಾದರೂ ಬದುಕಿರುವ ಗಂಡ ಅಥವಾ ಹೆಂಡತಿ ಇದ್ದರೆ, ವಯಸ್ಸು ಆಗಿರದಿದ್ದರೆ, ನಿಷೇಧಿತ ರಕ್ತಸಂಬಂಧವಿದ್ದರೆ, ಒಪ್ಪಿಗೆ ಕೊಡುವ ಬುದ್ಧಿಸ್ಥಿತಿ ಇಲ್ಲದಿದ್ದರೆ ಮಾತ್ರ ಅದಕ್ಕೆ ಬೆಲೆ. ಜಾತಿ, ಧರ್ಮ, ಊರಿನ ಮಾತು ಯಾವುದೂ ಕಾರಣವಲ್ಲ. ಅಧಿಕಾರಿ 30 ದಿನದಲ್ಲಿ ವಿಚಾರಣೆ ಮುಗಿಸಬೇಕು. ಬೆಂಗಳೂರಲ್ಲಿ ಕೊಟ್ಟರೂ, ನಿಮ್ಮ ಕಾಯಂ ವಿಳಾಸ ಉತ್ತರ ಕನ್ನಡವಾದರೆ ನೋಟಿಸಿನ ಪ್ರತಿಯನ್ನು ಆ ಜಿಲ್ಲೆಯ ಅಧಿಕಾರಿಗೂ ಕಳಿಸಿ ಅಲ್ಲೂ ಹಚ್ಚಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಮುಚ್ಚಿಡಲು ಬೆಂಗಳೂರಿಗೆ ಹೋಗುವುದರಲ್ಲಿ ಅರ್ಥವಿಲ್ಲಮ್ಮ. ಬೋರ್ಡು ನೋಡಿ ತಿಳಿಯುವ ಮುಂಚೆ ಹತ್ತಿರದವರಿಗೆ ನೀವೇ ಬಾಯಲ್ಲಿ ಹೇಳಿಬಿಡಿ.

ನೆಕರ್ ದಂಡೆ:
ಮುಜುಗರ ಯಾಕೆ, ಪ್ರತಿ ಹುಡುಗಿಯೂ ಕೇಳಲೇಬೇಕಾದ ಪ್ರಶ್ನೆ ಅದು. ಜರ್ಮನಿಯ ವಾಸ್ತವ್ಯ ಕಾನೂನಿನ 31ನೇ ಕಲಂ ಪ್ರಕಾರ, ಗಂಡ ಹೆಂಡತಿಯಾಗಿ ಜರ್ಮನಿಯಲ್ಲಿ ಮೂರು ವರ್ಷ ಒಟ್ಟಿಗೆ ಬಾಳಿದ ಮೇಲೆ ಬೇರೆಯಾದರೂ ನಿನಗೆ ನಿನ್ನದೇ ವಾಸದ ಹಕ್ಕು ಇರುತ್ತದೆ. ಮನೆಯಲ್ಲಿ ಹಿಂಸೆಯಂಥ ಪ್ರಕರಣಗಳಲ್ಲಿ ಮೂರು ವರ್ಷ ಆಗದಿದ್ದರೂ ವಿನಾಯಿತಿ ಇದೆ. ಮದುವೆ ಶಿರಸಿಯಲ್ಲಾಗಲಿ, ಅಲ್ಲಾಗಲಿ, ಈ ಲೆಕ್ಕ ಒಂದೇ. ಹೆಂಡತಿಯ ಪರವಾನಗಿಯಲ್ಲಿ ಮೊದಲ ದಿನದಿಂದಲೇ ಕೆಲಸಕ್ಕೆ ಸೇರಬಹುದು.

ನಿನ್ನ ಪಾಸ್‌ಪೋರ್ಟು, ಮದುವೆ ಪತ್ರದ ಒಂದು ಮೂಲ ಪ್ರತಿ, ಪದವಿ ಪತ್ರ ನಿನ್ನ ಹತ್ತಿರವೇ ಇರಲಿ. ನಿನ್ನ ಹೆಸರಲ್ಲೇ ಒಂದು ಬ್ಯಾಂಕ್ ಖಾತೆ ಇರಲಿ. ಎ1 ಮುಗಿಯಿತು ಎಂದು ಜರ್ಮನ್ ನಿಲ್ಲಿಸಬೇಡ, ಬಿ1 ವರೆಗೆ ಹೋಗು. ಮೊದಲ ಚಳಿಗಾಲದಲ್ಲಿ ನಾನು ಔಷಧಿ ಅಂಗಡಿಗೆ ಹೋಗಿ ಹೊಟ್ಟೆನೋವು ಎಂದು ಹೇಳಲಾಗದೆ ಕೈಯಲ್ಲಿ ತೋರಿಸಿ ಬಂದಿದ್ದೆ, ಮನೆಗೆ ಬಂದು ಅತ್ತೆ.

ಗಾಳಿಪಟ:
ಮದುವೆಯ ಮಾತು ಪಕ್ಕಕ್ಕಿಟ್ಟು ನೀವು ನಿಮ್ಮದೇ ವೀಸಾದಲ್ಲಿ ಮೊದಲು ಹೋಗಬಹುದಲ್ವಾ? ಮದುವೆಯಾಗದ ಜೊತೆಗಾರರಿಗೆ ಜರ್ಮನಿ ಆ ಸಂಬಂಧದ ಮೇಲೆ ವೀಸಾ ಕೊಡುವುದಿಲ್ಲ. ಆದರೆ 2024ರ ಜೂನ್‌ನಿಂದ ಚಾನ್ಸೆನ್‌ಕಾರ್ಟೆ ಅಂತ ಕೆಲಸ ಹುಡುಕುವವರ ಕಾರ್ಡ್ ಇದೆ. ಪದವಿ ಅಥವಾ ಕನಿಷ್ಠ ಎರಡು ವರ್ಷದ ವೃತ್ತಿ ತರಬೇತಿ ಇರಬೇಕು, ಎ1 ಜರ್ಮನ್ ಅಥವಾ ಬಿ2 ಇಂಗ್ಲಿಷ್ ಬೇಕು, ಅಂಕಗಳ ಲೆಕ್ಕದಲ್ಲಿ ಆರು ಬರಬೇಕು. ಒಂದು ವರ್ಷ ಇರಬಹುದು, ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಖರ್ಚಿಗೆ 2025ರಲ್ಲಿ ತಿಂಗಳಿಗೆ 1,091 ಯೂರೋ ಲೆಕ್ಕದಲ್ಲಿ ಹಣ ತೋರಿಸಬೇಕಿತ್ತು. ನನ್ನ ತಂಗಿ ಹೀಗೆ ಹೋದಳು. ಒಟ್ಟಿಗಿದ್ದು ನೋಡಿ, ಆಮೇಲೆ ಇಬ್ಬರೂ ಊರಿಗೆ ಬಂದು ಮದುವೆಯಾದರು.

ಮೈಸೂರಿನ ಒಬ್ಬ ತಾಯಿ:
ನಾನು ಜರ್ಮನಿ ಕಂಡವಳಲ್ಲ. ಮಗಳು ಅಮೆರಿಕದ ಪೌರನನ್ನು ಮದುವೆಯಾದಳು, ಕೆ-1 ಎನ್ನುವ ವೀಸಾದಲ್ಲಿ ಹೋಗಿ. ಆ ವೀಸಾದಲ್ಲಿ ಕಾಲಿಟ್ಟ 90 ದಿನದೊಳಗೆ ಮದುವೆ ಆಗಲೇಬೇಕು. ನಮಗೆ ಅಷ್ಟರಲ್ಲಿ ವೀಸಾ ಸಂದರ್ಶನಕ್ಕೆ ದಿನವೇ ಸಿಗಲಿಲ್ಲ. ಏಳು ಜನರ ಎದುರು ಅವಳ ಮದುವೆ ಆಯಿತು, ಅದರಲ್ಲಿ ನಮ್ಮವರು ಒಬ್ಬರೂ ಇಲ್ಲ.

ಅದನ್ನಾದರೂ ತಡೆದುಕೊಂಡೆವು. ಮದುವೆಯಾದ ಮೇಲೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಕಾಯುವಾಗ ಪ್ರಯಾಣದ ಅನುಮತಿ ಕೈಗೆ ಬರುವವರೆಗೆ ದೇಶ ಬಿಟ್ಟು ಹೊರಡುವ ಹಾಗಿಲ್ಲ, ಹೊರಟರೆ ಅರ್ಜಿಯೇ ಬಿದ್ದುಹೋಗುತ್ತದೆ. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಆ ಸಮಯದಲ್ಲೇ ನಮ್ಮ ಮಾವ ತೀರಿಕೊಂಡರು. ಮೊಮ್ಮಗಳನ್ನು ಸೈಕಲ್ ಮೇಲೆ ಶಾಲೆಗೆ ಬಿಟ್ಟು ಬರುತ್ತಿದ್ದ ತಾತ. ಕೊನೆಯ ಎರಡು ದಿನ ಬಾಗಿಲ ಕಡೆಗೇ ನೋಡುತ್ತಿದ್ದರು. ಅವಳು ಬರಲಾಗಲಿಲ್ಲ.

ಮಗಳೇ, ವೀಸಾ ಯಾವುದು ಬೇಗ ಎಂದು ಕೇಳುವ ಮುಂಚೆ ಇನ್ನೊಂದನ್ನು ಕೇಳಿಕೋ. ಕಾಯುವ ತಿಂಗಳುಗಳಲ್ಲಿ ನೀನು ಎಲ್ಲಿರುತ್ತೀಯ? ಆಗ ಅಜ್ಜಿಗೆ ಹುಷಾರು ತಪ್ಪಿದರೆ ಬರಬಲ್ಲೆಯಾ? ನಿನ್ನ ಹುಡುಗ ವಿಮಾನ ಹತ್ತಿ ಶಿರಸಿಗೆ ಬರಬಲ್ಲ. ಅಜ್ಜಿ ಎಲ್ಲಿಗೂ ಹೋಗಲಾರರು.

ಕಾಡುಮಲ್ಲಿಗೆ:
ಅಮ್ಮಾ, ನಿಮ್ಮದನ್ನು ಓದಿ ಆಫೀಸಿನಲ್ಲಿ ಕೂರಲಾಗದೆ ಆ ವಾರವೇ ರಜೆ ಹಾಕಿ ಊರಿಗೆ ಬಂದೆ. ಮೂರು ವಾರದ ಮೇಲೆ ಇಲ್ಲಿಂದಲೇ ಬರೆಯುತ್ತಿದ್ದೇನೆ.

ಗಾಳಿಪಟ ಅವರ ದಾರಿಯನ್ನೂ ಇಬ್ಬರೂ ಕೂತು ನೋಡಿದೆವು. ಒಟ್ಟಿಗಿದ್ದು ನೋಡುವುದು ಬೆಂಗಳೂರಿನ ಎರಡು ವರ್ಷದಲ್ಲೇ ಆಗಿದೆ, ಅಷ್ಟು ಹಣ ತೋರಿಸುವುದು ನನಗೆ ಸುಲಭವೂ ಅಲ್ಲ. ಶಿರಸಿಯಲ್ಲೇ ಮದುವೆ ಎಂದು ತೀರ್ಮಾನ ಮಾಡಿದೆವು. ನಾನು ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಪಡೆದಿದ್ದೇನೆ, ಹಾಗಾಗಿ ಜಿಲ್ಲೆಯ 30 ದಿನ ಇಲ್ಲೇ ತುಂಬುತ್ತದೆ. ಅವನು ತನ್ನ ಊರಿನ ಸ್ಟಾಂಡೆಸಾಮ್ಟ್‌ನಲ್ಲಿ ಅಡ್ಡಿಯಿಲ್ಲದ ಪತ್ರಕ್ಕೆ ಅರ್ಜಿ ಹಾಕಿದ್ದಾನೆ. ಅದು ಬಂದ ಮೇಲೆ ನೋಟಿಸಿಗೆ ಬಂದು, ಆ ತಿಂಗಳು ಪೂರ್ತಿ ಇಲ್ಲೇ ಇರುತ್ತಾನೆ. ಎ1 ಪರೀಕ್ಷೆಗೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಹೆಸರು ಕೊಟ್ಟಿದ್ದೇನೆ.

ಹಳೇ ಕಡತ ಸರ್, ನೀವು ಹೇಳಿದ್ದು ನಿಜವಾಗಿತ್ತು. ತೋಟದ ವಿಷಯ ನಾನೇ ಎತ್ತಿದೆ. ಅಪ್ಪ ಕವಳದ ಬಟ್ಟಲು ಪಕ್ಕಕ್ಕೆ ಸರಿಸಿ, "ನಾಳೆ ವಕೀಲರ ಮನೆಗೆ ಹೋಗಿ ಬಪ್ಪ" ಎಂದರು. ಹೋಗಿ ಬಂದೆವು. ಬರುವಾಗ ಕಾರಿನಲ್ಲಿ ಅಪ್ಪನೇ ಮಾತು ತೆಗೆದರು, ಕೊನೆ ಕೊಯ್ಲು ಮುಗಿಯುವ ಮುಂಚೆ ಮದುವೆ ಬೇಡ, ಅಂಗಳದ ತುಂಬ ಅಡಿಕೆ ಹರವಿರುತ್ತದೆ, ಚಪ್ಪರ ಹಾಕಲು ಜಾಗ ಇರುವುದಿಲ್ಲ ಅಂತ. ನೋಂದಣಿ ಕಚೇರಿಯಿಂದ ಬಂದ ದಿನ ಸಂಜೆ ಅಂಗಳದಲ್ಲೇ ಊಟ. ಅಜ್ಜಿ ಜಗುಲಿಯಿಂದ ಇಳಿಯಬೇಕಾಗಿಲ್ಲ.

ಅಜ್ಜಿಗೆ ಎಲ್ಲ ಹೇಳಿದೆ, ಅಷ್ಟು ದೂರದ ದೇಶ ಎನ್ನುವುದನ್ನೂ. ಸ್ವಲ್ಪ ಹೊತ್ತು ನನ್ನ ಕೈ ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ಆಮೇಲೆ ಕೇಳಿದ್ದು ಇಷ್ಟೇ: "ಅವಂಗೆ ತಂಬ್ಳಿ ಸೇರ್ತಾ?"

ನೆಕರ್ ಅಕ್ಕ, ನನ್ನ ಜನನ ಪ್ರಮಾಣಪತ್ರದ ತಿದ್ದುಪಡಿ ಮುಂದಿನ ವಾರ ಕೈಗೆ ಬರುತ್ತದಂತೆ. ಅದನ್ನು ಜರ್ಮನ್‌ಗೆ ಅನುವಾದ ಮಾಡಿಸುವುದು ಇಲ್ಲಿಯೋ, ಅಲ್ಲಿನ ಪ್ರಮಾಣಿತ ಅನುವಾದಕರ ಹತ್ತಿರವೋ? ನೀವು ಮಾಡಿಸಿದ್ದು ಹೇಗೆ ಎಂದು ತಿಳಿಸಿದರೆ ಅವನಿಗೆ ಇವತ್ತೇ ಹೇಳುತ್ತೇನೆ.